ಬಳೆ ಕಟ್ಟಿ ಗಾಲಿಗೆ ನಿಂತ ವೈನಿ

ವೈನಿ ತೀರಿಕೊಂಡ ಸುದ್ದಿಯನ್ನು ಅವರ ಮಗಳು ಅಥಣಿಯಿಂದ ಫೋನು ಮಾಡಿ ಹೇಳಿದಳು. ಆಗಲೇ ಮಣ್ಣಾಗಿ ಮೂರು ದಿನವಾಗಿತ್ತು. “ಗಡಿಬಿಡ್ಯಾಗ ನಿಮಗ ತಿಳಸೂದು ಆಗಲಿಲ್ರಿ ಕಾಕಾ, ಸಿಟ್ಟಾಗಬ್ಯಾಡ್ರಿ” ಎಂದಳು. ಸಿಟ್ಟು ಯಾರ ಮೇಲೆ ಮಾಡಲಿ? ತೊಂಬತ್ತರ ಆಸುಪಾಸಿನ ಜೀವ, ಮಲಗಿದಲ್ಲೇ ಹೋಗಿತ್ತು.

ಫೋನಿಟ್ಟು ಶೆಡ್ಡಿಗೆ ಬಂದೆ. ನನ್ನ ಮುಖ ನೋಡಿ ನನ್ನ ಇಬ್ಬರು ಕೆಲಸಗಾರರು ಏನಾಯಿತೆಂದು ಕೇಳಿದರು. “ನನಗ ಗಾಲಿ ಕಲಿಸಿದ ವೈನಿ ಹೋದ್ರು” ಎಂದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. “ನೀವು ಜತ್ತದ ಮಿಸ್ತ್ರಿ ಕಡೆ ಕಲತೀನಿ ಅಂತಿದ್ರೆಲ್ರಿ?” ಎಂದ ಒಬ್ಬ.

ಹೌದು, ಮಿರಜಕ್ಕೆ ಬಂದು ನನ್ನದೇ ಶೆಡ್ಡು ಹಾಕಿದ ಮೇಲೆ ನಾನು ಹಾಗೇ ಹೇಳಿಕೊಂಡು ಬಂದಿದ್ದೆ. ಗಿರಾಕಿಗಳಿಗೆ ಅದು ಲಗೂನ, ಒಂದೇ ಮಾತಿಗೆ ತಿಳಿಯುತ್ತಿತ್ತು. ಒಬ್ಬ ಹೆಣ್ಣುಮಗಳು ಮೋಟಾರಿನ ಬಾಡಿ ಮಾಡುವುದನ್ನು ಕಲಿಸಿದಳು ಎಂದರೆ ಮತ್ತೆ ಅರ್ಧ ತಾಸು ಕಥೆ ಹೇಳಬೇಕಾಗುತ್ತಿತ್ತು. ಆ ಕಥೆಯನ್ನು ಇಷ್ಟು ವರ್ಷ ಹೇಳದೆ ಉಳಿಸಿಕೊಂಡದ್ದಕ್ಕೆ ಆ ದಿನ ನಾಚಿಕೆಯಾಯಿತು. ಈಗ ಹೇಳುತ್ತಿದ್ದೇನೆ.

ವೈನಿ ಎಂದರೆ ನಮ್ಮ ಕಡೆ ಅಣ್ಣನ ಹೆಂಡತಿ. ಇವರು ಜತ್ತದ ಆ ಮಿಸ್ತ್ರಿಯ ಹೆಂಡತಿ, ನಮಗೆ ರಕ್ತಸಂಬಂಧವೇನೂ ಇರಲಿಲ್ಲ. ಅವರದು ಲಿಂಗವಂತರ, ಕಿರಾಣಿ ವ್ಯಾಪಾರದ ಮನೆತನ. ನಮ್ಮದು ಜತ್ತದ ಹತ್ತಿರದ ಶೇಗಾಂವದಲ್ಲಿ ಕುರಿ ಕಾಯುವ ಮನೆ. ಅಪ್ಪ, ಅಣ್ಣಂದಿರು ಕುರಿಯ ಹಿಂದೆ ಹೋದರೆ ನಾನು ಸಾಂಗಲಿಯಲ್ಲಿ ಒಂದು ವರ್ಷ ಇದ್ದು ಟ್ರಂಕು ಮಾಡುವುದನ್ನು ಕಲಿತು, ಜತ್ತದ ಸ್ಟ್ಯಾಂಡಿನ ಹತ್ತಿರ ಸಣ್ಣ ಅಂಗಡಿ ಹಾಕಿದ್ದೆ. ಟ್ರಂಕು, ಹಿಟ್ಟಿನ ಡಬ್ಬಿ, ಎಣ್ಣೆ ಸುರಿಯುವ ಲಾಳಿಕೆ ಮಾಡುತ್ತಿದ್ದೆ. ಇಪ್ಪತ್ತಾರು ವಯಸ್ಸು, ಮದುವೆಯಾಗಿತ್ತು. ಪತ್ರಾ ಎಂದರೆ ನಾನೇ ಎಂಬ ಸೊಕ್ಕೂ ಇತ್ತು. ತಗಡಿನ ಹಾಳೆಗೆ ನಮ್ಮಲ್ಲಿ ಪತ್ರಾ ಅನ್ನುವುದು ರೂಢಿ.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಡಫಳಾಪುರದ ಒಬ್ಬ ಲಾರಿ ಮಾಲಕ ಬಂದು ಮುಂದಿನ ಮಡ್‌ಗಾರ್ಡು ಒಂದು ಮಾಡಿಕೊಡು ಎಂದ. ಒಪ್ಪಿಕೊಂಡೆ. ಮಡ್‌ಗಾರ್ಡು ಎರಡು ಕಡೆಗೂ ಬಾಗಿರುತ್ತದೆ, ಉದ್ದಕ್ಕೂ ಬಾಗು, ಅಡ್ಡಕ್ಕೂ ಬಾಗು. ನನಗೆ ಗೊತ್ತಿದ್ದದ್ದು ಮಡಿಚುವುದೊಂದೇ. ಏಳೆಂಟು ತುಂಡು ಕತ್ತರಿಸಿ, ಮಡಿಚಿ, ಒಂದಕ್ಕೊಂದು ಬೆಸುಗೆ ಹಾಕಿ ನಿಲ್ಲಿಸಿದೆ. ಮಾಲಕ ಅದನ್ನು ಸುತ್ತ ತಿರುಗಿ ನೋಡಿದ.

“ಚಲೋ ಆಗೇತಿ ತಮ್ಮಾ. ಇದರಾಗ ಒಂದು ಚೀಲ ಜ್ವಾಳ ಹಿಡಸ್ತೈತಿ” ಎಂದು ಹೇಳಿ, ಅಲ್ಲೇ ಬಿಟ್ಟು ಹೋದ.

ಅದನ್ನೇ ಹೆಗಲ ಮೇಲೆ ಹೊತ್ತುಕೊಂಡು ಮಿಸ್ತ್ರಿಯ ಮನೆಗೆ ಹೋದೆ.

ಮಿಸ್ತ್ರಿ ಮುಂಬಯಿಯಲ್ಲಿ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ದುಡಿದು ಬಂದವರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಲ್ಲಿಯ ಮೋಡಕಾ ಬಜಾರಿನಲ್ಲಿ, ಅಂದರೆ ಗುಜರಿ ಪೇಟೆಯಲ್ಲಿ, ಒಂದು ಇಂಗ್ಲಿಷ್ ವ್ಹೀಲ್ ಕೊಂಡು, ರೈಲಿನಲ್ಲಿ ಮಿರಜದವರೆಗೆ, ಅಲ್ಲಿಂದ ಚಕ್ಕಡಿಯಲ್ಲಿ ಊರಿಗೆ ತಂದಿದ್ದರು. ಊರಿನ ಬಾಯಲ್ಲಿ ಅದು ಬರೀ ‘ಗಾಲಿ’. ನೋಡದವರಿಗೆ ಹೇಳುವುದಾದರೆ, ಆಳೆತ್ತರದ ಬೀಡುಕಬ್ಬಿಣದ ಚೌಕಟ್ಟು, ದನ ಬಾಯಿ ತೆರೆದಂತೆ. ಮೇಲಿನ ದವಡೆಯಲ್ಲಿ ರೊಟ್ಟಿಯಷ್ಟು ಅಗಲದ ಸಪಾಟು ಗಾಲಿ, ಕೆಳಗಿನ ದವಡೆಯಲ್ಲಿ ಮುಷ್ಟಿಗಾತ್ರದ, ನಡುವೆ ತುಸು ಉಬ್ಬಿದ ಸಣ್ಣ ಗಾಲಿ. ಎರಡರ ನಡುವೆ ಪತ್ರಾ ಇಟ್ಟು ಕೈಯಿಂದ ಹಿಂದೆ ಮುಂದೆ ಓಡಿಸಬೇಕು. ಗಾಲಿ ಹರಿದಲ್ಲಿ ಲೋಹ ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ್ದಕ್ಕೆ ಹೋಗಲು ಜಾಗ ಬೇಕಲ್ಲ, ಮೇಲೆದ್ದು ಬಾಗುತ್ತದೆ. ತಳದಲ್ಲಿ ಕಾಲಿಗೆ ಎಟಕುವಂತೆ ಒಂದು ದುಂಡು ತಟ್ಟೆ. ಅದನ್ನು ಪಾದದಿಂದ ತಿರುಗಿಸಿದರೆ ಕೆಳಗಿನ ಗಾಲಿ ಮೇಲೇರಿ ಬಿಗಿ ಹೆಚ್ಚುತ್ತದೆ. ಇಷ್ಟೇ ಯಂತ್ರ. ಉಳಿದದ್ದೆಲ್ಲ ಕೈಯದು.

ನಾನು ಹೋಗುವುದಕ್ಕೆ ಎರಡು ವರ್ಷ ಮುಂಚೆ ಮಿಸ್ತ್ರಿಗೆ ಲಕ್ವಾ ಹೊಡೆದಿತ್ತು. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತು ಅರ್ಧ ನಾಲಿಗೆಯಲ್ಲಿ ಬರುತ್ತಿತ್ತು. ಆದರೂ ಅವರ ಶೆಡ್ಡಿನಿಂದ ಮಡ್‌ಗಾರ್ಡು, ಬಾನೆಟ್ಟು ಬರುವುದು ನಿಂತಿರಲಿಲ್ಲ. ಬಾಗಿಲು ಮುಚ್ಚಿರುತ್ತಿತ್ತು, ಒಳಗೆ ಗಾಲಿಯ ಸರಸರ ಸದ್ದು ಕೇಳುತ್ತಿತ್ತು. ಮಿರಜದಿಂದ ಯಾರನ್ನೋ ಕರೆಸಿ ಮಾಡಿಸುತ್ತಾರೆ ಎಂದು ಬಜಾರಿನ ಮಂದಿ ಅಂದುಕೊಂಡಿದ್ದರು.

ಶೆಡ್ಡಿನ ಒಂದು ಮೂಲೆಯಲ್ಲಿ ಹೊರಸಿನ ಮೇಲೆ ಮಿಸ್ತ್ರಿ ಒರಗಿದ್ದರು. ನನ್ನ ಮಡ್‌ಗಾರ್ಡನ್ನು ಮುಂದೆ ಹಿಡಿದೆ. ಎಡಗೈಯಿಂದ ಒಮ್ಮೆ ಸವರಿ, ಕಷ್ಟಪಟ್ಟು ಒಂದೇ ಮಾತು ಹೇಳಿದರು.

“ಪೆಟ್ಟಿಗಿ.”

ಒಳಮನೆಯ ಬಾಗಿಲಲ್ಲಿ ನಿಂತಿದ್ದ ವೈನಿ ಸೆರಗು ಬಾಯಿಗೆ ಹಿಡಿದು ನಕ್ಕರು. ಮೂವತ್ತೈದು ದಾಟಿದ, ಎತ್ತರದ, ತೆಳ್ಳಗಿನ ಹೆಣ್ಣುಮಗಳು. ಹಲ್ಲಿಗೆ ಹಚ್ಚಿದ ಸುಟ್ಟ ತಂಬಾಕಿನ ಮಿಸರಿಯಿಂದ ತುಟಿಯಂಚು ಕಪ್ಪಾಗಿತ್ತು. ಗಾಲಿ ಕಲಿಯಬೇಕು, ಕಲಿಸುತ್ತೀರಾ ಎಂದು ನಾನು ಮಿಸ್ತ್ರಿಯನ್ನು ಕೇಳಿದೆ. ಅವರು ಹೆಂಡತಿಯ ಕಡೆ ನೋಡಿದರು. ಉತ್ತರ ಆಕೆಯಿಂದ ಬಂತು.

“ಇಲ್ಲಿ ಕಂಡದ್ದು ಹೊರಗ ಆಡಬಾರದು. ಬಾಯಿ ಗಟ್ಟಿ ಇದ್ರ ನಾಳಿ ಮುಂಜಾನೆ ಬಾ.”

ಮರುದಿನ ಹೋದೆ. ವೈನಿ ಶೆಡ್ಡಿನ ಬಾಗಿಲಿಗೆ ಅಗಳಿ ಹಾಕಿದರು. ಕಚ್ಚೆ ಬಿಗಿದುಕೊಂಡರು. ಕೈತುಂಬ ಹಸಿರು ಬಳೆ. ಅವನ್ನು ಒಂದೊಂದಾಗಿ ಮೊಣಕೈಯ ಕಡೆ ಏರಿಸಿ, ಹಳೆಯ ಇಳಕಲ್ ಸೀರೆಯ ಪಟ್ಟಿಯಿಂದ ಬಿಗಿಯಾಗಿ ಸುತ್ತಿ ಹಲ್ಲಿನಲ್ಲಿ ಗಂಟು ಎಳೆದರು. ಬಳೆ ತಾಗಿದರೆ ಪತ್ರಾದ ಮೇಲೆ ಗೀರು ಬೀಳುತ್ತದೆ, ಮುತ್ತೈದೆ ಬಳೆ ತೆಗೆಯುವಂತಿಲ್ಲ. ಆಮೇಲೆ ಒಂದು ಪತ್ರಾ ಎತ್ತಿ ಗಾಲಿಯ ಬಾಯಿಗೆ ಕೊಟ್ಟರು.

“ನೀವs?” ಎಂದೆ.

“ಮತ್ಯಾರು? ಗಾಲಿ ತಾನs ತಿರಗತೈತೇನು?”

ಮಿಸ್ತ್ರಿಗೆ ಇಲ್ಲಿ ಕಾಯಮ್ಮಾಗಿ ನಿಲ್ಲುವ ಕೆಲಸಗಾರ ಎಂದೂ ಸಿಕ್ಕಿರಲಿಲ್ಲವಂತೆ. ದೊಡ್ಡ ಪತ್ರಾ ಓಡಿಸಲು ಆ ಕಡೆ ಒಬ್ಬರು, ಈ ಕಡೆ ಒಬ್ಬರು ಬೇಕು. ಹಾಗಾಗಿ ಮದುವೆಯಾಗಿ ಬಂದಾಗಿನಿಂದ ಆ ಕಡೆ ಹಿಡಿದವರು ವೈನಿ. ಹನ್ನೆರಡು ಹದಿಮೂರು ವರ್ಷ ಹಿಡಿಯುತ್ತ ಹಿಡಿಯುತ್ತ ಕೆಲಸ ಅವರ ಕೈಗೂ ಹತ್ತಿತ್ತು. ಗಂಡ ಮಲಗಿದ ಮೇಲೆ ಈ ಕಡೆಗೆ ಬಂದು ನಿಂತರು, ಅಷ್ಟೇ. ಬಾಗಿಲು ಮುಚ್ಚಿಕೊಂಡು ಮಾಡಬೇಕೆಂಬುದು ಮೊದಲಿನಿಂದಲೂ ಮಿಸ್ತ್ರಿಯ ಅಣ್ಣನ ಕಟ್ಟಳೆ. ಅವರು ಪಕ್ಕದ ಕಿರಾಣಿ ಅಂಗಡಿಯ ಸಾವಕಾರರು. ಶೆಡ್ಡಿನ ಜಾಗ ಅವರ ಹೆಸರಿನಲ್ಲಿತ್ತು. ಆ ಕಡೆ ಹಿಡಿಯುವವರಿಲ್ಲದೆ ದೊಡ್ಡ ಕೆಲಸಗಳು ವಾಪಸು ಹೋಗುತ್ತಿದ್ದವು. ಆ ಜಾಗಕ್ಕೆ ನಾನು ಬಂದೆ.

ಮೊದಲ ಎರಡು ತಿಂಗಳು ವೈನಿ ನನ್ನ ಕೈಗೆ ಬರೀ ಚೂರುಪತ್ರಾ ಕೊಟ್ಟರು. ಒಂದು ಗೆರೆ ಓಡಿಸು, ಅದರ ಅರ್ಧದ ಮೇಲೆ ಬರುವಂತೆ ಇನ್ನೊಂದು ಗೆರೆ ಓಡಿಸು, ಮತ್ತೊಂದು. ಹೊಲ ಹೊಡೆದಂತೆ. ನನ್ನ ಪತ್ರಾ ಸುಟ್ಟ ಹಪ್ಪಳದಂತೆ ಸೊಟ್ಟಗಾಗಿ ಹೊರಬರುತ್ತಿತ್ತು. ಲಗೂನ ಆಗಲಿ ಎಂದು ಕಾಲಿನಿಂದ ಬಿಗಿ ಹೆಚ್ಚಿಸುತ್ತಿದ್ದೆ. ಆಗ ಗಾಲಿಯ ಹೆಜ್ಜೆ ಪತ್ರಾದ ಮೇಲೆ ಪಟ್ಟೆ ಪಟ್ಟೆಯಾಗಿ ಕೂರುತ್ತಿತ್ತು.

“ಯಾಕ, ಬಸ್ ಬಿಡ್ತೈತೇನು?” ಎನ್ನುತ್ತಿದ್ದರು ವೈನಿ. “ಒಂದs ಸಲಕ್ಕ ಆಗಬೇಕಂದ್ರ ಸುತ್ತಿಗಿ ತಗೋ. ಗಾಲಿಗಿ ಬಂದಿ ಅಂದ್ರ ನೂರು ಸಲ ಹೋಗಬೇಕು, ನೂರು ಸಲ ಬರಬೇಕು.”

ಎಣಿಸುವುದು ಮಾತ್ರ ಮರಾಠಿಯಲ್ಲಿ: ಏಕ, ದೋನ, ತೀನ. ಮಿಸ್ತ್ರಿ ಮುಂಬಯಿಯಲ್ಲಿ ಕಲಿತ ಎಣಿಕೆ ಅದು, ಹಾಗೇ ಆಕೆಗೆ ಬಂದಿತ್ತು. ಬೈಯುವುದೂ ಮರಾಠಿಯಲ್ಲೇ. ಕಲಿಸುವುದು ಕನ್ನಡದಲ್ಲಿ. ಮರಾಠಿ ಶುರುವಾಯಿತೆಂದರೆ ನಾನು ಪತ್ರಾ ಕೆಳಗಿಟ್ಟು ದೂರ ನಿಲ್ಲುತ್ತಿದ್ದೆ.

ಉಬ್ಬು ತಗ್ಗು ಕಣ್ಣಿಗೆ ಕಾಣುವುದಿಲ್ಲ, ಕೈಗೆ ತಿಳಿಯಬೇಕು. ನನ್ನ ಕೈಗೆ ಏನೂ ತಿಳಿಯುತ್ತಿರಲಿಲ್ಲ. ಸವರಿ ಸವರಿ ಸಾಕಾಗಿ ಒಂದು ದಿನ, ನನಗಿದು ಬರುವುದಿಲ್ಲ, ಟ್ರಂಕಿಗೇ ಹೋಗುತ್ತೇನೆ ಎಂದೆ. ವೈನಿ ಗಾಲಿಯ ಮೈ ಒರೆಸುತ್ತಿದ್ದವರು ತಲೆಯೆತ್ತದೆ ಕೇಳಿದರು.

“ನಿಮ್ಮಪ್ಪ ಸಂತ್ಯಾಗ ಟಗರು ಕೊಳ್ಳುವಾಗ ಏನ್ ಮಾಡತಾನ?”

“ಬೆನ್ನಿನ ಮ್ಯಾಲ ಕೈ ಆಡಸ್ತಾನ್ರಿ. ಉಣ್ಣೆ ಒಳಗ ಖಂಡ ಎಷ್ಟು, ಎಲುಬು ಎಷ್ಟು ನೋಡತಾನ.”

“ಆವಾಗ ಅವನ ಕಣ್ಣು ಎಲ್ಲಿರತಾವ?”

ಯೋಚಿಸಿದೆ. “ಮಾರಾವನ ಮಾರಿ ಮ್ಯಾಲ್ರಿ.”

“ಹಂಗ ಮಾಡು. ನನ್ನ ಮಾರಿ ನೋಡು, ಪತ್ರಾದ ಮ್ಯಾಲ ಕೈ ಆಡಸು.”

ವೈನಿಯ ಮುಖ ನೋಡುತ್ತ ಕೈ ಆಡಿಸಿದೆ. ಗಾಲಿಗೆ ಬಂದು ಮೂರು ತಿಂಗಳಾದ ಮೇಲೆ, ಅವತ್ತು ಮೊದಲ ಸಲ, ಅಂಗೈಯ ಬುಡಕ್ಕೆ ಒಂದು ಏರು ತಾಗಿತು. ನನ್ನ ಮುಖದ ಮೇಲೆ ಅದು ಕಂಡಿರಬೇಕು. “ಸಿಕ್ತೇನು? ಹಂ, ಇನ್ನ ಟ್ರಂಕ್ ಮಾಡಾಕ ನೀ ಉಪಯೋಗಿಲ್ಲ” ಎಂದರು. ಅವರ ಬಾಯಿಂದ ನಾನು ಕೇಳಿದ ಹೊಗಳಿಕೆ ಅದೊಂದೇ.

ವೈನಿಯನ್ನು ದೊಡ್ಡ ಶರಣೆ ಎಂದು ತಿಳಿಯಬೇಡಿ. ಹತ್ತಿರದ ಯಳವಿಯ ಯಾರ ಮನೆಯಲ್ಲಿ ಸೊಸೆ ಮುನಿಸಿಕೊಂಡು ಹೋದಳು ಎಂಬುದರಿಂದ ಹಿಡಿದು ಎಲ್ಲ ಸುದ್ದಿ ಬೇಕಿತ್ತು ಅವರಿಗೆ. ಮುಚ್ಚಿದ ಬಾಗಿಲಿನ ಒಳಗಿರುವ ಮನುಷ್ಯಳಿಗೆ ಸುದ್ದಿ ತರುವವನು ನಾನು. ತರದ ದಿನ ಮಧ್ಯಾಹ್ನದ ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕಡಿಮೆ ಬೀಳುತ್ತಿತ್ತು. ಬಜಾರಿನಲ್ಲಿ ಮಂದಿ ನನ್ನನ್ನು ಕಂಡು, “ಮಿಸ್ತ್ರಿ ಹೇಳ್ತಾನ, ಇಂವ ಮಾಡ್ತಾನ, ಭಾಳ ಚಲೋ ಕೈ” ಎನ್ನತೊಡಗಿದ್ದರು. ನಾನು ಸುಮ್ಮನೆ ತಲೆಯಾಡಿಸುತ್ತಿದ್ದೆ. ಬಾಯಿ ಗಟ್ಟಿ ಇರಬೇಕೆಂದು ಕಟ್ಟಳೆ ಇತ್ತಲ್ಲ, ಅದು ನನಗೆ ಅನುಕೂಲವೇ ಆಗಿತ್ತು.

ಪ್ರತಿ ಕೆಲಸ ಮುಗಿದ ಮೇಲೆ ಒಂದು ಪದ್ಧತಿ ಇತ್ತು. ಪತ್ರಾವನ್ನು ಹೊರಸಿನ ಬಳಿ ಒಯ್ದು ಮಿಸ್ತ್ರಿಯ ಎಡಗೈಗೆ ಹಿಡಿಯುವುದು. ಅವರು ಕಣ್ಣು ಮುಚ್ಚಿ ಮೇಲಿನಿಂದ ಕೆಳಗೆ ಸವರುತ್ತ ಬಂದು ಒಂದು ಕಡೆ ಬೆರಳಿಟ್ಟು, “ಇಲ್ಲಿ” ಎನ್ನುತ್ತಿದ್ದರು. ವೈನಿ ಅಲ್ಲಿ ಕೈಯಿಟ್ಟು ನೋಡಿ, “ಅಯ್ಯ, ಹೌದಲ್ರಿ! ನನಗ ಗೊತ್ತಾಗಲೇ ಇಲ್ಲ ನೋಡ್ರಿ” ಎಂದು ಮತ್ತೆ ಗಾಲಿಗೆ ಒಯ್ದು ನಾಲ್ಕು ಸಲ ಓಡಿಸಿ ತರುತ್ತಿದ್ದರು. “ಈಗ?” “ಹಾಂ.” ಅವತ್ತು ಮಿಸ್ತ್ರಿ ಹೊಟ್ಟೆ ತುಂಬ ಉಣ್ಣುತ್ತಿದ್ದರು, ಅರ್ಧ ನಾಲಿಗೆಯಲ್ಲೇ ಮುಂಬಯಿಯ ಒಂದೆರಡು ಕಥೆ ಹೇಳುತ್ತಿದ್ದರು. ನಗು ಮಾತ್ರ ಲಕ್ವಾ ಹೊಡೆದ ದಿನದಿಂದ ಆ ಮುಖದ ಮೇಲೆ ಬಂದಿರಲಿಲ್ಲವಂತೆ.

ಒಂದು ವರ್ಷವಾಗಿರಬೇಕು. ಯಳವಿಯ ಕಡೆಯ ವ್ಯಾಪಾರಿಯೊಬ್ಬರ ಹಳೆಯ ಕಾರಿನ ಮಡ್‌ಗಾರ್ಡು ಮುಗಿದಿತ್ತು. ವೈನಿ ಒಲೆಯ ಮೇಲೆ ಏನೋ ಇಟ್ಟಿದ್ದೇನೆಂದು ಒಳಗೆ ಹೋಗಿದ್ದರು, ಮಿಸ್ತ್ರಿಗೆ ನಿದ್ದೆ ಹತ್ತಿತ್ತು. ನಾನು ಸುಮ್ಮನೆ ಕೈ ಆಡಿಸಿದೆ. ಎಡಗಡೆಯ ಅಂಚಿನ ಹತ್ತಿರ ಒಂದು ಉಬ್ಬು ಸ್ಪಷ್ಟವಾಗಿ ತಾಗಿತು. ವೈನಿಯ ಕೈಗೆ ಸಿಗದ್ದು ನನ್ನ ಕೈಗೆ ಸಿಕ್ಕಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಗಾಲಿಗೆ ಕೊಟ್ಟು, ಸುತ್ತಲಿನದಕ್ಕೆ ಹೊಂದುವಂತೆ ಓಡಿಸಿ, ಅದನ್ನು ತೆಗೆದೆ. ಚಲೋ ಕೆಲಸ, ನನ್ನ ಮಟ್ಟಿಗೆ ಅವತ್ತಿನವರೆಗಿನ ಅತ್ಯುತ್ತಮ ಕೆಲಸ.

ವೈನಿ ಬಂದರು. ಇಬ್ಬರೂ ಸೇರಿ ಮಡ್‌ಗಾರ್ಡನ್ನು ಹೊರಸಿನ ಬಳಿ ಹಿಡಿದೆವು. ಮಿಸ್ತ್ರಿ ಕಣ್ಣು ಮುಚ್ಚಿ ಸವರಿದರು. ತಳಕ್ಕೆ ಬಂದರು. ಮತ್ತೆ ಮೇಲಿನಿಂದ ಸವರಿದರು. ಎಡಗಡೆಯ ಅಂಚಿಗೆ ಬಂದಾಗ ಕೈ ನಿಧಾನವಾಯಿತು. ಅಲ್ಲೇ ಹಿಂದೆ ಮುಂದೆ ಆಡಿತು. ಮೂರನೆಯ ಸಲ ಸವರಿ ಕೈ ತೆಗೆದು, ಅಂಗೈಯನ್ನು ತಿರುಗಿಸಿ ನೋಡಿಕೊಂಡರು. ಆಮೇಲೆ ವೈನಿಯ ಮುಖ ನೋಡಿದರು, ಬಹಳ ಹೊತ್ತು.

“ಚಲೋ ಐತಿ” ಎಂದು ಗೋಡೆಯ ಕಡೆ ಹೊರಳಿದರು.

ವೈನಿ ನನ್ನನ್ನು ಹಿತ್ತಲಿಗೆ ಕರೆದರು.

“ಎಡಗಡೀದು ನೀ ತಗದ್ಯಾ?”

“ಹೌದ್ರಿ ವೈನಿ. ನೀವು ಮರತಿದ್ರಿ, ಅದಕ್ಕ—”

“ನಾ ಮರತಿದ್ದಿಲ್ಲ” ಎಂದರು.

ಬೈಯಲಿಲ್ಲ. ಮರಾಠಿಯಲ್ಲಿ ನಾಲ್ಕು ಮಾತು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಬಳೆಗೆ ಕಟ್ಟಿದ ಪಟ್ಟಿಯನ್ನು ಬಿಚ್ಚುತ್ತ ನಿಂತರು. ಮೂರು ವರ್ಷದಿಂದ, ಒಂದೊಂದು ಕೆಲಸದಲ್ಲೂ ಗಂಡನ ಕೈಗೆ ಸಿಗುವಂತೆ ಒಂದು ಉಬ್ಬನ್ನು ಬೇಕೆಂದೇ ಬಿಟ್ಟುಕೊಂಡು ಬಂದಿದ್ದರು ಆಕೆ. ಅದನ್ನು ಹುಡುಕಿ ಹಿಡಿಯುವುದೊಂದೇ ಆ ಮನುಷ್ಯನಿಗೆ ಉಳಿದ ಕೆಲಸವಾಗಿತ್ತು. ಅದನ್ನು ನಾನು ಕಸಿದುಕೊಂಡಿದ್ದೆ, ಅದೂ ಜಂಬದಿಂದ.

ಮಿಸ್ತ್ರಿ ಎರಡು ದಿನ ನೀರು ಬಿಟ್ಟು ಏನೂ ಮುಟ್ಟಲಿಲ್ಲ. ಆಮೇಲೆ ಉಂಡರು, ಆದರೆ ಪತ್ರಾಕ್ಕೆ ಕೈ ಚಾಚಲಿಲ್ಲ. ಮುಂದಿನ ಕೆಲಸದಲ್ಲಿ ವೈನಿ ಬಿಟ್ಟ ಉಬ್ಬು ಕುರುಡನಿಗೂ ಕಾಣುವಂತಿತ್ತು. ಹೊರಸಿನ ಬಳಿ ಒಯ್ದರೆ, “ನೀವs ನೋಡಕೋರಿ” ಎಂದು ಕಣ್ಣು ಮುಚ್ಚಿದರು. ಗಂಡ ಹೆಂಡತಿಯನ್ನು ಬಹುವಚನದಲ್ಲಿ ಮಾತಾಡಿಸಿದ್ದು ನನ್ನ ಕಿವಿಗೆ ಕಾದ ಮೊಳೆಯಂತೆ ತಾಗಿತು. ವೈನಿ ಆ ದಿನ ಏಕ, ದೋನ ಎಣಿಸದೆ ಗಾಲಿ ಓಡಿಸಿದರು. ನಾನು ಸುದ್ದಿ ತರುವುದನ್ನು ಬಿಟ್ಟೆ, ಕೇಳುವವರಿರಲಿಲ್ಲ. ಹೀಗೆ ತಿಂಗಳ ಮೇಲಾಯಿತು. ನಾನು ಒಂದೆರಡು ಸಲ ಮಿಸ್ತ್ರಿಯ ಕಾಲು ಹಿಡಿದು ತಪ್ಪು ಒಪ್ಪಿಕೊಳ್ಳಬೇಕೆಂದು ಹೋದೆ. ಏನೆಂದು ಒಪ್ಪಿಕೊಳ್ಳಲಿ? ಒಪ್ಪಿಕೊಂಡರೆ ವೈನಿಯ ಗುಟ್ಟು ಬಯಲಾಗುತ್ತದೆ. ಬಾಯಿ ತೆರೆಯದೆ ವಾಪಸು ಬಂದೆ.

ಆಗ ಬಂತು ಬಸ್ಸಿನ ಕೆಲಸ. ಡಫಳಾಪುರದವರೊಬ್ಬರು ಹರಾಜಿನಲ್ಲಿ ಹಳೆಯ ಬಸ್ಸೊಂದನ್ನು ಹಿಡಿದಿದ್ದರು, ಮದುವೆಯ ದಿಬ್ಬಣ ಒಯ್ಯಲು. ಅದರ ಹಣೆ, ಅಂದರೆ ಡ್ರೈವರನ ಗಾಜಿನ ಮೇಲೆ ತಲೆಯಂತೆ ದುಂಡಗೆ ಬಾಗಿ ಛಾವಣಿಗೆ ಕೂಡುವ ಭಾಗ, ತುಕ್ಕು ತಿಂದು ಹೋಗಿತ್ತು. ತುಂಡು ಜೋಡಿಸಿದರೆ ಮಳೆಯಲ್ಲಿ ಸೋರುತ್ತದೆ, ಒಂದೇ ಪತ್ರಾದಲ್ಲಿ ಆಗಬೇಕು ಎಂದರು. ಎಂಟು ಫೂಟು ಉದ್ದದ ಪತ್ರಾ ತಂದು ಇಳಿಸಿಯೇಬಿಟ್ಟರು.

ವೈನಿ ಅದರ ಸುತ್ತ ಎರಡು ಸಲ ತಿರುಗಿದರು. ಆಮೇಲೆ ಹೋಗಿ ಹೊರಸಿನ ಪಕ್ಕ ನೆಲದ ಮೇಲೆ ಕೂತರು. ಮಿಸ್ತ್ರಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

“ಬಸ್ಸಿನ ಹಣಿ ಬಂದೈತ್ರಿ. ನನಗ ಬರೂದಿಲ್ಲ ಇದು” ಎಂದರು.

ಮಿಸ್ತ್ರಿ ಅಲುಗಲಿಲ್ಲ.

“ಖರೇನ ಬರೂದಿಲ್ರಿ. ನಾ ಎಂದೂ ಮಾಡಿಲ್ಲ, ಮಾಡೂದು ನೋಡೂ ಇಲ್ಲ. ನೀವು ಮುಂಬೈದಾಗ ಮಾಡೀರಿ. ಹೇಳಿಕೊಟ್ರ ಮಾಡತೀನಿ. ಇಲ್ಲಾಂದ್ರ ಇವತ್ತs ಪತ್ರಾ ವಾಪಸ್ ಕಳಸ್ತೀನಿ. ಸುಳ್ಳು ಹೇಳಾಕತ್ತಿಲ್ಲ. ನನ್ನ ಮಾರಿ ನೋಡ್ರಿ.”

ಹೊರಗೆ ಬಜಾರಿನ ಗದ್ದಲ ಕೇಳುತ್ತಿತ್ತು. ಕೊನೆಗೆ ಮಿಸ್ತ್ರಿ ನಿಧಾನವಾಗಿ ಈ ಕಡೆ ಹೊರಳಿ, ಹೆಂಡತಿಯ ಮುಖವನ್ನು ನೋಡಿದರು. ಏನು ಓದಿಕೊಂಡರೋ.

“ಗೇಜ್... ಎಷ್ಟು?” ಎಂದು ಪತ್ರಾದ ದಪ್ಪ ಕೇಳಿದರು.

“ಹದಿನೆಂಟು.”

“ಎಬಸು.”

ಇಬ್ಬರೂ ಹಿಡಿದು ಎಬ್ಬಿಸಿ ಗಾಲಿಯ ಹತ್ತಿರ ಒಯ್ದೆವು. ಒಂದು ಸ್ಟೂಲು ಹಾಕಿ, ಹಿಂದೆ ಜೋಳದ ಚೀಲ ಆನಿಸಿ ಕೂರಿಸಿದೆವು. ಅವರು ಎಡಗಾಲನ್ನು ಚಾಚಿ ತಳದ ದುಂಡು ತಟ್ಟೆಯ ಮೇಲೆ ಪಾದ ಇಟ್ಟರು. ಆ ಕಾಲಿಗೆ ಏನೂ ಆಗಿರಲಿಲ್ಲ ಎಂಬುದು ಅಷ್ಟು ದಿನ ನಮ್ಮ ಮೂವರಲ್ಲಿ ಯಾರ ತಲೆಗೂ ಬಂದಿರಲಿಲ್ಲ.

ಪತ್ರಾ ಗಾಲಿಯ ಬಾಯಲ್ಲಿ ಅರ್ಧ ಓಡುವಷ್ಟರಲ್ಲಿ ಬಾಗಿಲಿಗೆ ತಾಗಿತು. ಆ ಶೆಡ್ಡಿನಲ್ಲಿ ಅದು ತಿರುಗುವಂತಿರಲಿಲ್ಲ. ವೈನಿ ಗಂಡನನ್ನು ನೋಡಿದರು. ಮಿಸ್ತ್ರಿ ಗದ್ದವನ್ನು ಬಾಗಿಲಿನ ಕಡೆ ತೋರಿಸಿದರು. ನಾನು ಅಗಳಿ ತೆಗೆದು ಎರಡೂ ಕದ ತೆರೆದೆ.

ಪತ್ರಾ ಬಜಾರಿನ ರಸ್ತೆಗೆ ನಾಲ್ಕು ಫೂಟು ಹೊರಗೆ ಹೋಗುತ್ತಿತ್ತು, ಒಳಗೆ ಬರುತ್ತಿತ್ತು. ಸ್ವಲ್ಪ ಹೊತ್ತಿನಲ್ಲೇ ಮಂದಿ ನೆರೆದರು. ಸಂತೆಗೆ ಬಂದವರು ಬುಟ್ಟಿ ಇಳಿಸಿ ನಿಂತರು. ಗಾಲಿಗೆ ನಿಂತವರು ಯಾರೆಂದು ಎಲ್ಲರಿಗೂ ಕಂಡಿತು. ಗುಸುಗುಸು ಪಕ್ಕದ ಅಂಗಡಿಗೂ ಮುಟ್ಟಿತು. ಸಾವಕಾರರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದು ಬಾಗಿಲಿನ ನಡುವೆ ನಿಂತರು.

“ಬಾಗಲಾ ಮುಚ್ಚರಿ ಮೊದಲ!”

“ಪತ್ರಾ ಹಿಡಸೂದಿಲ್ರಿ ಸಾವಕಾರ್ರ” ಎಂದೆ ನಾನು.

“ಹಿಡಸದಿದ್ರ ಆ ಕೆಲಸs ಬ್ಯಾಡ. ಬಜಾರದಾಗ ಮನಿ ಹೆಣ್ಣಮಗಳು ಹಿಂಗ ನಿಂತ್ರ ನಾ ಮಂದಿಗಿ ಏನ್ ಹೇಳಲಿ?”

ಭಾವನ ಎದುರಿಗೆ ವೈನಿ ಎಂದೂ ಬರಿತಲೆಯಲ್ಲಿ ನಿಂತವರಲ್ಲ, ಎಂದೂ ಮಾತಾಡಿದವರಲ್ಲ. ಈಗ ಸೆರಗು ಭುಜಕ್ಕೆ ಜಾರಿತ್ತು. ಎರಡೂ ಕೈ ಪತ್ರಾದ ಮೇಲಿದ್ದವು. ನಡುವೆ ಬಿಟ್ಟರೆ ಅಷ್ಟುದ್ದದ ಪತ್ರಾ ಮಡಿಚಿ ಬೀಳುತ್ತದೆ. ಮುಖ ಕೆಂಪಾಯಿತು, ಕಣ್ಣು ನೆಲಕ್ಕೆ ಹೋದವು. ಕೈ ಮಾತ್ರ ಬಿಡಲಿಲ್ಲ. ನಾನು ಇನ್ನೊಂದು ತುದಿಯಲ್ಲಿ ಹಿಡಿದು ನಿಂತಿದ್ದೆ.

ಎಲ್ಲರೂ ಸ್ಟೂಲಿನ ಕಡೆ ನೋಡಿದರು. ಮಿಸ್ತ್ರಿ ತಲೆಯೆತ್ತಿ, ನಾಲಿಗೆಯನ್ನು ಒಂದೊಂದು ಅಕ್ಷರಕ್ಕೂ ತಿರುಗಿಸುತ್ತ ಹೇಳಿದರು.

“ಅಣ್ಣಾ... ಬೆಳಕಿಗಿ ಅಡ್ಡ ನಿಂತೀದಿ. ಆ ಕಡೆ ಸರಿ.”

ಸಾವಕಾರರು ತಮ್ಮನನ್ನು ನೋಡಿದರು. ಮೂರು ವರ್ಷದಿಂದ ಆ ತಮ್ಮ ಹೊರಸು ಬಿಟ್ಟು ಎದ್ದು ಕೂತದ್ದನ್ನು ಅವರು ಕಂಡಿರಲಿಲ್ಲ. ಆಮೇಲೆ ಪಕ್ಕಕ್ಕೆ ಸರಿದರು. ಬಿಸಿಲು ಒಳಗೆ ಬಂತು.

ಎಂಟು ದಿನ ಓಡಿಸಿದೆವು. ಎರಡು ಬಾಗು ಕೂಡುವ ಮೂಲೆಗಳಿಗೆ ಹೆಚ್ಚು ಹಿಗ್ಗು ಬೇಕು, ಅಂಚಿಗೆ ಹೋಗಬಾರದು, ಅಂಚು ಹಿಗ್ಗಿದರೆ ಪತ್ರಾ ಅಲೆ ಅಲೆಯಾಗಿ ಕೆಡುತ್ತದೆ. ಇದೆಲ್ಲ ಮಿಸ್ತ್ರಿ ಹೇಳಿದ್ದು, ಅರ್ಧ ಬಾಯಲ್ಲಿ, ಅರ್ಧ ಕಾಲಲ್ಲಿ. ಗಾಲಿಯ ಸದ್ದು ಬಿಗಿಯಾಗುತ್ತಲೇ ಅವರ ಪಾದ ತಟ್ಟೆಯನ್ನು ಕೂದಲಷ್ಟು ಹಿಂದಕ್ಕೆ ತಿರುಗಿಸುತ್ತಿತ್ತು. ನಾವು ಇಬ್ಬರೂ ನಮ್ಮ ಕೈಯಿಂದ ತಿಳಿಯುವ ಮೊದಲೇ ಅವರ ಅಂಗಾಲಿಗೆ ತಿಳಿಯುತ್ತಿತ್ತು. ಮೂರನೆಯ ದಿನದಿಂದ ಸಾವಕಾರರು ಪತ್ರಾದ ನಡುಭಾಗ ಜೋಲದಂತೆ ಹಿಡಿಯಲು ಅಂಗಡಿಯ ಆಳೊಬ್ಬನನ್ನು ಕಳಿಸಿದರು, ತಾವು ಮಾತ್ರ ಬರಲಿಲ್ಲ.

ಆ ಬಸ್ಸು ನಮ್ಮ ಭಾಗದಲ್ಲಿ ಬಹಳ ವರ್ಷ ಓಡಿತು. ಶೆಡ್ಡಿನ ಬಾಗಿಲಿಗೆ ಮತ್ತೆ ಅಗಳಿ ಬೀಳಲಿಲ್ಲ. ಕೆಲವು ಗಿರಾಕಿಗಳು ಹೋದರು, ಹೊಸಬರು ಬಂದರು. ಮಿಸ್ತ್ರಿ ನಾಲ್ಕು ವರ್ಷ ದಿನಾಲೂ ಸ್ಟೂಲಿನ ಮೇಲೆ ಕೂತು ಕಾಲಿಟ್ಟರು. ಎಪ್ಪತ್ತರ ದಶಕದ ನಡುವೆ ಒಂದು ಬೇಸಿಗೆಯಲ್ಲಿ ಎರಡನೆಯ ಸಲ ಲಕ್ವಾ ಹೊಡೆದು ತೀರಿಕೊಂಡರು. ಆಮೇಲೂ ಕೆಲಕಾಲ ವೈನಿ ಗಾಲಿಗೆ ನಿಂತರು. ಬಳೆ ಇಲ್ಲದ ಕೈಗೆ ಪಟ್ಟಿ ಕಟ್ಟುವ ಅಗತ್ಯವಿರಲಿಲ್ಲ. ಮಗಳ ಬಾಣಂತನಕ್ಕೆಂದು ಅಥಣಿಗೆ ಹೋದವರು ಅಲ್ಲೇ ಉಳಿದರು. ಗಾಲಿ ನನಗೆ ಬಂತು. ಇವೆಲ್ಲ ಆದ ಮಾತು. ಆದರೆ ವೈನಿ ಎಂದರೆ ನನಗೆ ನೆನಪಾಗುವುದು ಆ ಎಂಟನೆಯ ದಿನದ ಮಧ್ಯಾಹ್ನವೇ.

ಬಸ್ಸಿನ ಹಣೆ ಮುಗಿದಿತ್ತು. ನಾಲ್ಕು ಜನ ಎತ್ತಿ ಹಿಡಿದರೆ ಬಿಸಿಲಿನಲ್ಲಿ ತುಂಬಿದ ಕೆರೆಯಂತೆ ಕಾಣುತ್ತಿತ್ತು. ಬಾಗಿಲ ಮುಂದೆ ಅರ್ಧ ಬಜಾರು ನಿಂತಿತ್ತು. ಸಾವಕಾರರೂ ಅಂಗಡಿಯ ಮೆಟ್ಟಿಲಿಗೆ ಬಂದು ನಿಂತಿದ್ದರು. ವೈನಿ ಪತ್ರಾವನ್ನು ಮಿಸ್ತ್ರಿಯ ಎಡಗೈಗೆ ಹಿಡಿಸಿದರು. ಆ ಮಡ್‌ಗಾರ್ಡಿನ ದಿನದ ನಂತರ ಅವರು ಕೈ ಚಾಚಿದ್ದು ಅದೇ ಮೊದಲು.

ಅಂಗೈ ನಿಧಾನವಾಗಿ ಹರಿದು ಬಂತು. ಬಲಗಡೆಯ ಮೂಲೆಯ ಹತ್ತಿರ ನಿಂತಿತು.

“ಇಲ್ಲಿ” ಎಂದರು. ಆಮೇಲೆ ಹೆಂಡತಿಯ ಕಣ್ಣಲ್ಲಿ ಕಣ್ಣಿಟ್ಟು, ಇನ್ನೂ ಮೆಲ್ಲಗೆ ಕೇಳಿದರು. “ಇದನ್ನೂ... ನೀನs ಬಿಟ್ಟಿ?”

ಅವರಿಗೆ ಗೊತ್ತಾಗಿತ್ತು. ಅವತ್ತು ಉಬ್ಬು ಸಿಗದೆ ಹೋದಾಗಲೇ, ಅಷ್ಟು ದಿನ ಅದು ತಪ್ಪದೆ ಯಾಕೆ ಸಿಗುತ್ತಿತ್ತು ಎಂಬುದು ಹೊಳೆದುಬಿಟ್ಟಿತ್ತು. ಗೋಡೆಗೆ ಮುಖ ಮಾಡಿದ್ದು ಅದಕ್ಕೆ.

ವೈನಿ ಅಲ್ಲಿ ಕೈಯಿಟ್ಟು ಸವರಿದರು. ಮತ್ತೊಮ್ಮೆ ಸವರಿದರು. ಆಮೇಲೆ ಇಡೀ ಬಜಾರಿಗೆ ಕೇಳುವಂತೆ ಹೇಳಿದರು.

“ಇಲ್ರಿ. ಈ ಸಲ ನಾ ಏನೂ ಬಿಟ್ಟಿಲ್ಲ. ಅಲ್ಲಿ ಉಬ್ಬs ಇಲ್ಲ. ನಿಮ್ಮ ಕೈ ತಪ್ಪೈತಿ.”

“ಐತಿ.”

“ಇಲ್ಲ ಅಂದ್ನೆಲ್ರಿ.”

“ಐತಿ!”

“ಹಠ ಬ್ಯಾಡ್ರಿ. ಫರ್ಮಾ ಹಚ್ಚಿ ನೋಡೂಣು.”

ಫರ್ಮಾ ಎಂದರೆ ಆ ಬಾಗಿನ ಅಳತೆಗೆ ಕತ್ತರಿಸಿಟ್ಟ ಹಲಗೆ. ನಾನು ತಂದು ಮೂಲೆಗೆ ಆನಿಸಿ ಹಿಡಿದೆ. ಮಂದಿ ಬಗ್ಗಿದರು. ಹಲಗೆಗೂ ಪತ್ರಾಕ್ಕೂ ನಡುವೆ ಎಲ್ಲೂ ಬೆಳಕು ನುಸುಳಲಿಲ್ಲ. ಉಬ್ಬು ಇರಲಿಲ್ಲ. ವೈನಿಯದೇ ಖರೆ.

ಮಿಸ್ತ್ರಿ ಹಲಗೆಯನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಸೊಂಟಕ್ಕೆ ಕೈಯಿಟ್ಟು, ಸೆರಗಿನ ಪರಿವೆಯಿಲ್ಲದೆ, ಗೆದ್ದ ಮುಖ ಮಾಡಿ ನಿಂತಿದ್ದರು ಆಕೆ. ಮೂರು ವರ್ಷ ಗಂಡ ಹೇಳಿದ್ದಕ್ಕೆಲ್ಲ ಹೌದ್ರಿ, ಹೌದ್ರಿ ಎಂದಿದ್ದವರು. ಮಿಸ್ತ್ರಿಯ ಮುಖದ ಎಡಭಾಗ ಮೊದಲು ಅಲುಗಿತು. ಆಮೇಲೆ ಭುಜ ಕುಣಿದವು. ಏನೋ ಆಯಿತೆಂದು ಹೆದರಿ ನಾನು ಹಿಡಿಯಲು ಹೋದೆ. ಅವರು ನಗುತ್ತಿದ್ದರು. ಅರ್ಧ ಮುಖದಿಂದ, ಕಣ್ಣಲ್ಲಿ ನೀರು ಬರುವವರೆಗೆ, ಉಸಿರು ಎಳೆದೆಳೆದು ನಗುತ್ತಿದ್ದರು.

“ಸೋತೆ” ಎಂದರು.

ವೈನಿ ಮುಖ ಆ ಕಡೆ ತಿರುಗಿಸಿ, ಬಳೆ ಕಟ್ಟಿದ ಮೊಣಕೈಯಿಂದ ಕಣ್ಣು ಒರೆಸಿಕೊಂಡರು. ತಿರುಗಿದಾಗ ಎಂದಿನ ದನಿಯಿತ್ತು.

“ಸೋತ್ರ ಸೋತ್ರಿ. ಏಳ್ರಿ, ರೊಟ್ಟಿ ಆರಾಕತ್ಯಾವು.”